ಗುಳಿಗೆ ಬಿಡೋ ಮುಂಚೆ ಒಂದು ಚೀಟಿ ಬರೆಯಿರಿ

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್‌ನಲ್ಲಿ ನಾನು ಕಟಿಂಗ್ ಮಾಸ್ಟರ್. ವಯಸ್ಸು 43. ಉದ್ದನೆ ಟೇಬಲ್ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಗೆರೆ ಎಳೆದು, ಕರೆಂಟಿನ ಚಾಕು ಹಿಡಿದು ಒಂದೇ ಸಲಕ್ಕೆ ಎಂಬತ್ತು ಪ್ಯಾಂಟಿನ ಕಾಲು ಕತ್ತರಿಸುವ ಕೆಲಸ. ಡಾಕ್ಟರಲ್ಲ, ಕಂಪೌಂಡರೂ ಅಲ್ಲ. 2022ರ ಮಳೆಗಾಲದಿಂದ ಖಿನ್ನತೆಗೆ ಗುಳಿಗೆ ನುಂಗುತ್ತಾ ಬಂದವನು, ಅಷ್ಟೇ. ಈ ಗುಳಿಗೆಗಳು ಕುಗ್ಗಿದ ಮನಸ್ಸನ್ನು ಎತ್ತಿ ನಿಲ್ಲಿಸುತ್ತವೆ, ನಿಜ. ಆದರೆ ತುಂಬಾ ಜನರಿಗೆ ಹಾಸಿಗೆಯ ವಿಷಯದಲ್ಲಿ ಕೈಕೊಡುತ್ತವೆ. ಗುಳಿಗೆ ಬರೆದುಕೊಡುವಾಗ ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಬಿದ್ದು ಎದ್ದು ಕಲಿತದ್ದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ.

ನನಗೆ ಕೊಟ್ಟದ್ದು ಎಸ್ಸಿಟಾಲೋಪ್ರಾಮ್. ಮೊದಲು 10 ಮಿಲಿಗ್ರಾಂ, ಆಮೇಲೆ 20. ಮೂರ್ನಾಲ್ಕು ವಾರಕ್ಕೆ ನಿದ್ದೆ ಬಂತು. ರೊಟ್ಟಿ ರುಚಿ ಹತ್ತಿತು. ಬೆಳಿಗ್ಗೆ ಎದ್ದ ಕೂಡಲೇ ಎದೆ ಮೇಲೆ ಕಲ್ಲು ಹೇರಿದಂತೆ ಇರುತ್ತಿತ್ತಲ್ಲ, ಅದು ಹೋಯಿತು. ಅದೇ ಹೊತ್ತಿಗೆ ಇನ್ನೊಂದು ತಕರಾರು ಶುರುವಾಯಿತು. ಹೆಂಡತಿ ಜೊತೆ ಸೇರಿದರೆ ಎಷ್ಟು ಹೊತ್ತಾದರೂ ಮುಗಿಯುತ್ತಲೇ ಇರಲಿಲ್ಲ. ಬೆವರು ಸುರಿದು, ಉಸಿರು ಕಟ್ಟಿ, ಕೊನೆಗೆ ಸಾಕಪ್ಪಾ ಅಂತ ಬಿಟ್ಟುಬಿಡುವುದು. ಸ್ವಲ್ಪ ದಿನಕ್ಕೆ ಆಸೆಯೇ ಆರಿಹೋಯಿತು. ಪಕ್ಕದಲ್ಲಿ ಮಲಗಿದವಳು ಕೈ ಹಾಕಿದರೂ ಏನೂ ಅನಿಸದು. ನಾನು ಮಾಡಿದ್ದೇನು? ಯಾರಿಗೂ ಹೇಳದೆ ಒಂದು ಸೋಮವಾರ ಗುಳಿಗೆ ನಿಲ್ಲಿಸಿದೆ.

ಮೂರನೇ ದಿನ ತಲೆ ತಿರುಗತೊಡಗಿತು. ಕುತ್ತಿಗೆ ತಿರುಗಿಸಿದರೆ ಸಾಕು, ತಲೆಯೊಳಗೆ ಕರೆಂಟ್ ಹೊಡೆದಂತೆ ಝುಮ್ ಅನ್ನುವುದು. ಸುಮ್ನೆ ಸಿಟ್ಟು. ರಾತ್ರಿ ಕೆಟ್ಟ ಕನಸು. ಐದನೇ ದಿನ ಟೇಬಲ್ ಮೇಲೆ ಚಾಕು ಓಡಿಸುವಾಗ ಅಂಥದ್ದೇ ಒಂದು ಝುಮ್ ಬಂದು ಕೈ ಜಾರಿತು. ಗೆರೆಯಿಂದ ಅರ್ಧ ಇಂಚು ಒಳಗೆ ಹೋಗಿ ಎಂಬತ್ತು ಪದರವೂ ಹಾಳು. ಮುಂಭಾಗದ ಪೀಸುಗಳು, ಎಂಬತ್ತೂ. ಬೆರಳು ಹೋಗದಿದ್ದದ್ದು ನನ್ನ ಪುಣ್ಯ. ಇಷ್ಟೆಲ್ಲಾ ಆಗಿ ಎರಡು ವಾರಕ್ಕೆ ಝುಮ್ ನಿಂತಿತು. ಒಂದೂವರೆ ತಿಂಗಳಿಗೆ ಹಳೇ ಕತ್ತಲು ವಾಪಸ್ ಬಂತು, ಮೊದಲಿಗಿಂತ ಜಾಸ್ತಿ.

ಇವೆರಡೂ ಬೇರೆ ಬೇರೆ ಅಂತ ಆಮೇಲೆ ತಿಳಿಯಿತು. ಗುಳಿಗೆ ಒಮ್ಮೆಲೇ ಬಿಟ್ಟದ್ದಕ್ಕೆ ಬರುವ ತಲೆಸುತ್ತು, ಕರೆಂಟು, ಸಿಟ್ಟು ಎರಡು ಮೂರು ದಿನದಲ್ಲೇ ಶುರುವಾಗುತ್ತವೆ. ಕಾಯಿಲೆ ಮರಳಿ ಬರುವುದು ವಾರಗಳು ಕಳೆದ ಮೇಲೆ, ಮೆಲ್ಲಗೆ. ಪರಾಕ್ಸೆಟಿನ್, ವೆನ್ಲಾಫಾಕ್ಸಿನ್ ಅನ್ನುವ ಖಿನ್ನತೆ ಗುಳಿಗೆ ಬಿಟ್ಟವರಿಗೆ ಈ ಕರೆಂಟಿನ ಕಾಟ ಹೆಚ್ಚು. ಫ್ಲುಆಕ್ಸೆಟಿನ್ ಮೈಯಲ್ಲಿ ವಾರಗಟ್ಟಲೆ ಉಳಿಯುತ್ತದೆ, ಅದಕ್ಕೆ ಅದರಲ್ಲಿ ಕಡಿಮೆ.

ಯಾಕೆ ಹೀಗಾಗುತ್ತೆ

ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್, ಪರಾಕ್ಸೆಟಿನ್ ಇವೆಲ್ಲಾ ಒಂದೇ ಜಾತಿ. ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಸ ಹೆಚ್ಚು ಹೊತ್ತು ನಿಲ್ಲುವಂತೆ ಮಾಡುತ್ತವೆ. ಮನಸ್ಸಿಗೆ ಅದು ಒಳ್ಳೆಯದು. ಆದರೆ ಅದೇ ಸೆರೊಟೋನಿನ್ ಆಸೆ ಹುಟ್ಟಿಸುವ ಡೋಪಮೈನ್‌ಗೆ ಅಡ್ಡ ನಿಲ್ಲುತ್ತದೆ, ಬೆನ್ನುಹುರಿಯ ಹತ್ತಿರ ಸ್ಖಲನವನ್ನೂ ತಡೆದು ಹಿಡಿಯುತ್ತದೆ. ಬೇಗ ಸ್ಖಲನ ಆಗುವವರಿಗೆ ಡಾಕ್ಟರುಗಳು ಡಪಾಕ್ಸೆಟಿನ್ ಬರೆಯುತ್ತಾರೆ, ಅದೂ ಇದೇ ಜಾತಿಯ ಗುಳಿಗೆ. ಒಬ್ಬನಿಗೆ ಔಷಧಿ ಆದದ್ದು ಇನ್ನೊಬ್ಬನಿಗೆ ತೊಂದರೆ, ಅಷ್ಟೇ ವ್ಯತ್ಯಾಸ. ಇದನ್ನು ಕೇಳಿದ ಮೇಲೆ ನನಗೆ ಅರ್ಧ ಸಮಾಧಾನವಾಯಿತು. ಗಂಡಸ್ತನ ಹೋಗಿರಲಿಲ್ಲ. ಗುಳಿಗೆ ತನ್ನ ಕೆಲಸ ತಾನು ಮಾಡುತ್ತಿತ್ತು.

ಇದು ಎಷ್ಟು ಜನರಿಗೆ ಆಗುತ್ತೆ? 1997ರಲ್ಲಿ ಸ್ಪೇನ್ ದೇಶದಲ್ಲಿ ಈ ಜಾತಿಯ ಗುಳಿಗೆ ತಿನ್ನುತ್ತಿದ್ದ 344 ಜನರನ್ನು ವಿಚಾರಿಸಿದರು. ತಾವಾಗಿಯೇ ಬಾಯಿಬಿಟ್ಟವರು ನೂರಕ್ಕೆ 14. ಡಾಕ್ಟರೇ ನೇರವಾಗಿ ಕೇಳಿದಾಗ ಹೌದು ಅಂದವರು ನೂರಕ್ಕೆ 58. ಸ್ಪೇನಿನವರೇ ಹೀಗೆ ನಾಚಿಕೊಂಡರೆ ಬಳ್ಳಾರಿಯವರ ಕಥೆ ಏನು ಹೇಳಲಿ.

ಚೀಟಿ

ಕಾಯಿಲೆ ಮರಳಿದ ಮೇಲೆ ಹೆಂಡತಿಯೇ ನನ್ನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅಲ್ಲಿ ಡಾಕ್ಟರಮ್ಮ. ವಯಸ್ಸು ನನಗಿಂತ ಹತ್ತು ವರ್ಷ ಚಿಕ್ಕದು. ಟೇಬಲ್ ಸುತ್ತ ಇನ್ನೂ ಮೂವರು ರೋಗಿಗಳು, ಅವರ ಜೊತೆಗೆ ಬಂದವರು, ಬಾಗಿಲಲ್ಲಿ ಹೆಸರು ಕೂಗುವ ಆಯಾ. "ಗುಳಿಗೆ ಯಾಕೆ ಬಿಟ್ರಿ?" ಅಂತ ಕೇಳಿದರು. ನನ್ನ ಬಾಯಿ ಕಟ್ಟಿಹೋಯಿತು. "ಮರೆತೆ ಮೇಡಂ" ಅಂದೆ. ಹೆಂಡತಿ ನನ್ನ ಮುಖ ನೋಡಿದಳು.

ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತೆ. ಅಂಗಿ ಜೇಬಿನಲ್ಲಿ ಲಾಟ್ ನಂಬರ್ ಬರೆಯುವ ಚೀಟಿಗಳ ಕಟ್ಟು ಇರುತ್ತದೆ, ಯಾವಾಗಲೂ. ಒಂದು ಹರಿದು ಹಿಂಬದಿಯಲ್ಲಿ ಬರೆದೆ:

"ಮೇಡಂ, ಗುಳಿಗೆ 20 ಆದಮೇಲೆ ಹೆಂಡತಿ ಜೊತೆ ಸರಿ ಹೋಗುತ್ತಿಲ್ಲ. ಆಸೆ ಇಲ್ಲ. ಕೊನೆಗೆ ಮುಗಿಯುವುದಿಲ್ಲ. ಅದಕ್ಕೇ ಬಿಟ್ಟೆ. ಎಲ್ಲರ ಮುಂದೆ ಹೇಳಲು ಆಗಲಿಲ್ಲ."

ಒಳಗೆ ಹೋಗಿ ಓಪಿಡಿ ಪುಸ್ತಕದೊಳಗೆ ಇಟ್ಟು ಕೊಟ್ಟೆ. ಡಾಕ್ಟರಮ್ಮ ಓದಿದರು. ಮುಖದಲ್ಲಿ ಏನೂ ಬದಲಾಗಲಿಲ್ಲ, ಸಂತೆ ಲೆಕ್ಕ ಓದಿದ ಹಾಗೆ ಓದಿದರು. ಆಯಾಗೆ ಹೇಳಿ ಎಲ್ಲರನ್ನೂ ಎರಡು ನಿಮಿಷ ಹೊರಗೆ ಕಳಿಸಿದರು. "ಇದನ್ನ ಮೊದಲೇ ಹೇಳಿದ್ರೆ ಇಷ್ಟೊತ್ತಿಗೆ ಸರಿ ಮಾಡ್ತಿದ್ದೆ" ಅಂದರು. ಇಷ್ಟೇ. ಆರು ತಿಂಗಳು ನಾನು ಹೊತ್ತು ತಿರುಗಿದ ಗುಟ್ಟು ಅವರಿಗೆ ದಿನಾ ನೋಡುವ ಸಂಗತಿ.

ಹಾಗಾಗಿ ನಾನು ಹೇಳುವ ಮೊದಲ ಕೆಲಸ ಇದೇ. ಬಾಯಿ ಬರದಿದ್ದರೆ ಬರೆಯಿರಿ. ಬರೆಯುವಾಗ "ನರ ವೀಕ್" ಅಂತಷ್ಟೇ ಬರೆಯಬೇಡಿ. ಪ್ಯಾಂಟ್ ಹರಿದಿದೆ ಅಂದರೆ ನಮ್ಮ ಟೈಲರ್‌ಗೂ ಏನೂ ತಿಳಿಯದು, ಯಾವ ಹೊಲಿಗೆ ಬಿಚ್ಚಿದೆ ಅಂತ ಹೇಳಬೇಕು. ಇಲ್ಲಿ ಹೊಲಿಗೆ ಮೂರು. ಆಸೆಯೇ ಹುಟ್ಟುತ್ತಿಲ್ಲವೋ, ಆಸೆ ಇದ್ದರೂ ಗಂಡಸಿಗೆ ಗಟ್ಟಿಯಾಗುತ್ತಿಲ್ಲವೋ ಹೆಂಗಸಿಗೆ ತೇವ ಬರುತ್ತಿಲ್ಲವೋ, ಅದೂ ಸರಿಯಿದ್ದು ಕೊನೆ ಮುಟ್ಟುತ್ತಿಲ್ಲವೋ. ಜೊತೆಗೆ ಅಲ್ಲಿ ಸ್ಪರ್ಶವೇ ಗೊತ್ತಾಗದಷ್ಟು ಜೋಮು ಇದ್ದರೆ ಅದನ್ನೂ ಬರೆಯಿರಿ. ಒಂದೊಂದಕ್ಕೂ ದಾರಿ ಬೇರೆ. ಆಮೇಲೆ, ಯಾವ ಗುಳಿಗೆ ಎಷ್ಟು ಪವರ್, ತೊಂದರೆ ಶುರುವಾದದ್ದು ಯಾವಾಗ, ಗುಳಿಗೆಗೆ ಮುಂಚೆಯೂ ಇತ್ತೋ ಇಲ್ಲವೋ.

ಕೊನೆಯ ಪ್ರಶ್ನೆ ಮುಖ್ಯ. ಯಾಕಂದ್ರೆ ಖಿನ್ನತೆಯೇ ಆಸೆಯನ್ನು ತಿಂದುಹಾಕುತ್ತದೆ. ಎಷ್ಟೋ ಜನರಿಗೆ ಗುಳಿಗೆ ಹಿಡಿದ ಮೇಲೆ ಆಸೆ ವಾಪಸ್ ಬರುವುದೂ ಉಂಟು. ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್, ಕುಡಿತ, ಗುಟ್ಕಾ, ಬೀಡಿ ಇವೂ ಇದೇ ಕೆಲಸ ಮಾಡುತ್ತವೆ. ಅಟೆನೊಲಾಲ್‌ನಂಥ ಬಿಪಿ ಗುಳಿಗೆಗಳೂ ಕೆಲವರಿಗೆ ತೊಂದರೆ ಕೊಡುತ್ತವೆ. ಬೇರೆ ಮಾನಸಿಕ ಕಾಯಿಲೆಗಳಿಗೆ ಕೊಡುವ ರಿಸ್ಪೆರಿಡೋನ್ ಅಂಥ ಗುಳಿಗೆ ಜೊತೆಗಿದ್ದರೆ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನ್ ಏರಿ ಆಸೆ ಕುಗ್ಗಬಹುದು. ನನಗೆ ಸಕ್ಕರೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮೂರಕ್ಕೂ ರಕ್ತ ಕೊಡಿಸಿದರು. ಸಕ್ಕರೆ ಅಂಚಿನಲ್ಲಿತ್ತು, ಅದು ಬೇರೆ ಕಥೆ. ಇನ್ನೊಂದು ಪ್ರಶ್ನೆ ಕೇಳಿದರು: "ಬೆಳಿಗ್ಗೆ ಏಳುವಾಗ ತಾನಾಗಿ ಗಟ್ಟಿಯಾಗಿರುತ್ತಾ?" ಇರುತ್ತೆ ಅಂದೆ. ಹಾಗಿದ್ದರೆ ರಕ್ತನಾಳ, ನರ ಬಹುಮಟ್ಟಿಗೆ ಸರಿಯಾಗಿವೆ ಅಂತ ಅರ್ಥವಂತೆ.

ಎಲ್ಲಿಗೆ ಹೋಗುವುದು ಅಂತ ಕೇಳಬೇಡಿ. ಮಾನಸಿಕ ಕಾಯಿಲೆಗೆ ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಔಷಧಿ ಕೊಡಬಹುದು ಅಂತ ಬೆಂಗಳೂರಿನ ನಿಮ್ಹಾನ್ಸ್‌ನವರು ಪ್ರಯೋಗ ಮಾಡಿ ತೋರಿಸಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ, 1985ರಿಂದ 1990ರವರೆಗೆ. ಅದೇ ಮಾದರಿಯಲ್ಲಿ 1996ರಲ್ಲಿ ದೇಶಕ್ಕೆಲ್ಲಾ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇಲ್ಲಿಯವನಾಗಿ ನನಗೆ ಇದು ಗೊತ್ತೇ ಇರಲಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಮುಖಾಮುಖಿ ಬೇಡ ಅನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಗುಳಿಗೆ ಶುರು ಮಾಡಿದಾಗ ಅಥವಾ ಪವರ್ ಬದಲಾಯಿಸಿದಾಗ ಸಾಯಬೇಕು ಅನ್ನೋ ಯೋಚನೆ ಬಂದರಂತೂ ಅವತ್ತೇ ಫೋನ್ ಮಾಡಿ ಅಥವಾ ಆಸ್ಪತ್ರೆಗೆ ಹೋಗಿ. ಆವಾಗ ಈ ವಿಷಯವೆಲ್ಲಾ ಆಮೇಲೆ.

ಮಾಳಿಗೆ ಮೇಲೆ

ಎರಡನೇ ಕೆಲಸ, ಮನೆಯಲ್ಲಿ ಹೇಳುವುದು. ನನಗೆ ಡಾಕ್ಟರಮ್ಮನಿಗಿಂತ ಇದೇ ಕಷ್ಟವಾಯಿತು.

ನನ್ನ ಹೆಂಡತಿ ಮನೆಯಲ್ಲೇ ಪ್ಯಾಂಟಿನ ದಾರ ಕತ್ತರಿಸುತ್ತಾಳೆ. ಹೊಲಿಗೆ ಆದಮೇಲೆ ಅಲ್ಲಲ್ಲಿ ನೇತಾಡುವ ದಾರದ ತುದಿಗಳನ್ನು ಪುಟ್ಟ ಕತ್ತರಿಯಿಂದ ತೆಗೆಯುವ ಕೆಲಸ, ಪೀಸಿಗೆ ಇಷ್ಟು ಅಂತ ಕೂಲಿ. ಬೇಸಿಗೆಯಲ್ಲಿ ನಮ್ಮ ಊರಿನ ಮನೆಯೊಳಗೆ ಮಲಗಲು ಆಗುತ್ತಾ? ಮಾಳಿಗೆಗೆ ನೀರು ಚೆಲ್ಲಿ ಚಾಪೆ ಹಾಸುತ್ತೇವೆ. ಅವತ್ತು ಮಕ್ಕಳು ಅಜ್ಜಿ ಮನೆಯಲ್ಲಿದ್ದರು. ಅವಳು ಬ್ಯಾಟರಿ ಲೈಟ್ ಇಟ್ಟುಕೊಂಡು ದಾರ ಕತ್ತರಿಸುತ್ತಿದ್ದಳು. ನಾನೂ ಒಂದು ಕತ್ತರಿ ತಗೊಂಡು ಎದುರು ಕೂತೆ. ಇಬ್ಬರ ಕಣ್ಣೂ ಪ್ಯಾಂಟಿನ ಮೇಲೆ. ಆಗ ಹೇಳಿದೆ.

ಕತ್ತರಿ ನಿಂತಿತು. "ಗುಳಿಗೆಯಿಂದಾನಾ? ಅಷ್ಟು ಸಣ್ಣ ಗುಳಿಗೆಯಿಂದಾನಾ?"

"ಹೂಂ. ಮೇಡಂ ಅವರೇ ಹೇಳಿದ್ರು."

"ನಾನು ದಪ್ಪ ಆಗೀನಿ, ಅದಕ್ಕೇ ಬ್ಯಾಸರ ಬಂದೈತೆ ಅನ್ಕೊಂಡಿದ್ದೆ ರೀ." ಮತ್ತೆ ಕತ್ತರಿ ಶುರುವಾಯಿತು. "ಇಲ್ಲಾಂದ್ರೆ ಯೂನಿಟ್‌ನಾಗೆ ಯಾರಾದ್ರೂ ಅದಾರೇನೋ ಅಂತ."

ಆರು ತಿಂಗಳು ಅವಳು ಇದನ್ನು ಒಳಗೇ ನುಂಗಿಕೊಂಡು ದಾರ ಕತ್ತರಿಸಿದ್ದಾಳೆ! ನಾನು ನನ್ನದೊಂದೇ ದೊಡ್ಡ ಕಷ್ಟ ಅಂದುಕೊಂಡಿದ್ದೆ.

ನನ್ನ ಅನುಭವದ ಮಾತು: ಹಾಸಿಗೆಯಲ್ಲಿ ಹೇಳಬೇಡಿ. ಕೈಕೊಟ್ಟ ಕೂಡಲೇ ಅಂತೂ ಬೇಡವೇ ಬೇಡ, ಆಗ ಏನು ಹೇಳಿದರೂ ನೆಪದ ಹಾಗೆ ಕೇಳುತ್ತದೆ. ಕೈಯಲ್ಲಿ ಏನಾದರೂ ಕೆಲಸ ಇರುವಾಗ, ಮುಖ ನೋಡದೆ ಮಾತಾಡಲು ಸಾಧ್ಯವಿರುವಾಗ ಹೇಳಿ. ಕಡಲೆಕಾಯಿ ಸುಲಿಯುವಾಗ, ಸೊಪ್ಪು ಬಿಡಿಸುವಾಗ. "ಗುಳಿಗೆಯಿಂದ ಹೀಗಾಗಿದೆ, ನಿನ್ನಿಂದ ಅಲ್ಲ" ಅನ್ನುವ ಮಾತು ಮೊದಲು ಬರಲಿ.

ಆಮೇಲೆ ಡಾಕ್ಟರಮ್ಮ ಒಂದು ಪಾಠ ಕೊಟ್ಟರು. ಒಂದು ತಿಂಗಳು ಸೇರುವ ಉಸಾಬರಿಯೇ ಬೇಡ. ಕೈಕಾಲಿಗೆ ಎಣ್ಣೆ ಹಚ್ಚಿ, ಒತ್ತಿಕೊಂಡು ಮಲಗಿ, ಮುಟ್ಟಿ, ಮಾತಾಡಿ, ಅಷ್ಟೇ. ಮುಗಿಸಲೇಬೇಕು ಅನ್ನುವ ಪರೀಕ್ಷೆ ಇಲ್ಲದಿದ್ದರೆ ಮೈ ತಾನೇ ಸಡಿಲಾಗುತ್ತದೆ. ನನಗೆ ಇದು ಮೊದಲು ಹುಡುಗಾಟ ಅನಿಸಿತ್ತು. ಎರಡನೇ ವಾರದಲ್ಲಿ ನಾವೇ ನಿಯಮ ಮುರಿದೆವು. ಹೊತ್ತೂ ಬದಲಾಯಿಸಿದೆವು. ದಿನವಿಡೀ ನಿಂತು ಬಂದವನಿಗೆ ರಾತ್ರಿ ಹತ್ತಕ್ಕೆ ಏನು ಹುರುಪು ಇರುತ್ತೆ? ಭಾನುವಾರ ಬೆಳಿಗ್ಗೆ ಮಕ್ಕಳು ಟ್ಯೂಷನ್‌ಗೆ ಹೋದ ಮೇಲೆ ಅಂತ ಮಾಡಿಕೊಂಡೆವು.

ಗುಳಿಗೆಯ ದಾರಿಗಳು

ಇವೆಲ್ಲಾ ಡಾಕ್ಟರ್ ಮಾಡಬೇಕಾದ ಬದಲಾವಣೆ. ನೀವು ಕೇಳುವಷ್ಟು ತಿಳಿದಿರಲಿ ಅಂತ ಹೇಳುತ್ತೇನೆ.

ಒಂದು, ಕಾಯುವುದು. ಕೆಲವರಿಗೆ ಕೆಲವು ವಾರ, ಕೆಲವು ತಿಂಗಳಿಗೆ ಮೈ ಒಗ್ಗಿಕೊಳ್ಳುತ್ತದೆ. ಎಲ್ಲರಿಗೂ ಅಲ್ಲ, ಹೆಚ್ಚಿನವರಿಗೂ ಅಲ್ಲ. ನನಗೆ ಕಾದು ಏನೂ ಸಿಗಲಿಲ್ಲ.

ಇನ್ನೊಂದು, ಪವರ್ ಇಳಿಸುವುದು. ಈ ತೊಂದರೆ ಬಹಳಷ್ಟು ಸಲ ಪವರ್ ಜೊತೆಗೇ ಏರುತ್ತದೆ. ನನ್ನದನ್ನು ಮತ್ತೆ 5ರಿಂದ ಶುರು ಮಾಡಿ 10ಕ್ಕೆ ನಿಲ್ಲಿಸಿದರು. 20ರಲ್ಲಿ ಇದ್ದ ತೊಂದರೆ 10ರಲ್ಲಿ ಅರ್ಧವಾಯಿತು. ಮನಸ್ಸು ಹಿಡಿದು ನಿಂತಿತು. ಆದರೆ ಕಡಿಮೆ ಪವರ್‌ನಲ್ಲಿ ಎಲ್ಲರ ಮನಸ್ಸೂ ನಿಲ್ಲುವುದಿಲ್ಲ.

ಶನಿವಾರ ಭಾನುವಾರ ಗುಳಿಗೆ ತಪ್ಪಿಸಿದರೆ ಸರಿಹೋಗುತ್ತೆ ಅಂತ ಯೂನಿಟ್‌ನಲ್ಲಿ ಒಬ್ಬ ಹೇಳಿದ. ಸರ್ಟ್ರಾಲಿನ್, ಪರಾಕ್ಸೆಟಿನ್‌ನಲ್ಲಿ ಹಾಗೆ ಮಾಡಿ ನೋಡಿದ್ದಾರೆ, ಸ್ವಲ್ಪ ಗುಣವೂ ಸಿಕ್ಕಿದೆ. ಫ್ಲುಆಕ್ಸೆಟಿನ್‌ನಲ್ಲಿ ಎರಡು ದಿನ ಬಿಟ್ಟರೆ ಮೈಗೆ ಗೊತ್ತೇ ಆಗುವುದಿಲ್ಲ. ನಾನಂತೂ ಕೈ ಮುಗಿಯುತ್ತೇನೆ. ತಲೆಯೊಳಗಿನ ಝುಮ್ ಇನ್ನೊಮ್ಮೆ ಬೇಡ. ಎರಡು ದಿನ ಬಿಟ್ಟವನು ಮೂರನೇ ದಿನವೂ ಬಿಡುತ್ತಾನೆ, ಆ ಅಭ್ಯಾಸವೇ ಕೆಟ್ಟದ್ದು.

ಗುಳಿಗೆ ಬದಲಾಯಿಸುವುದು ಇನ್ನೊಂದು ದಾರಿ. ಬ್ಯುಪ್ರೋಪಿಯಾನ್, ಮಿರ್ಟಾಜಪಿನ್, ಅಗೊಮೆಲಾಟಿನ್, ವೋರ್ಟಿಆಕ್ಸೆಟಿನ್ ಇವುಗಳಲ್ಲಿ ಈ ಕಾಟ ಕಡಿಮೆ. ಹಾಗಂತ ಯಾವುದೂ ಪುಕ್ಕಟೆ ಅಲ್ಲ. ಮಿರ್ಟಾಜಪಿನ್ ನಿದ್ದೆ ತರುತ್ತದೆ, ಹಸಿವು ಏರಿಸಿ ತೂಕ ಕೂಡಿಸುತ್ತದೆ. ಅಗೊಮೆಲಾಟಿನ್ ತಿಂದರೆ ಲಿವರ್‌ಗೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. ಹಳೆಯದು ಚೆನ್ನಾಗಿ ಹಿಡಿದವರಿಗೆ ಹೊಸದು ಹಿಡಿಯದೇ ಇರುವ ಅಪಾಯವೂ ಉಂಟು.

ನನಗೆ ಹಿಡಿದದ್ದು ಜೋಡಿ ಗುಳಿಗೆ. ಎಸ್ಸಿಟಾಲೋಪ್ರಾಮ್ 10 ಹಾಗೇ ಇಟ್ಟು, ಬೆಳಿಗ್ಗೆ ಬ್ಯುಪ್ರೋಪಿಯಾನ್ 150 ಸೇರಿಸಿದರು. ಅದು ಡೋಪಮೈನ್ ಕಡೆಯಿಂದ ಕೆಲಸ ಮಾಡುತ್ತದೆ. ಕೊಡುವ ಮುಂಚೆ ಗಟ್ಟಿಯಾಗಿ ವಿಚಾರಿಸಿದರು: ಯಾವಾಗಲಾದರೂ ಮೂರ್ಛೆ ಬಂದಿತ್ತಾ, ತಲೆಗೆ ಜೋರು ಪೆಟ್ಟು ಬಿದ್ದಿತ್ತಾ, ದಿನಾ ಕುಡಿದು ಒಮ್ಮೆಲೇ ಬಿಟ್ಟಿದ್ದೀರಾ. ಮೂರ್ಛೆ ರೋಗ ಇದ್ದವರಿಗೆ ಇದನ್ನು ಕೊಡುವುದಿಲ್ಲ. ನಿಧಾನಕ್ಕೆ ಬಿಡುಗಡೆಯಾಗುವ ಗುಳಿಗೆ ಅದು, ಮುರಿದು, ಪುಡಿ ಮಾಡಿ ನುಂಗಬಾರದು. ಮೊದಲ ವಾರ ಬಾಯಿ ಒಣಗಿತು, ನಿದ್ದೆ ಕೆಟ್ಟಿತು. ಮೂರನೇ ವಾರಕ್ಕೆ ಆಸೆ ಬಂತು. ಅವತ್ತಿನ ತಾರೀಖು ನನ್ನ ಪುಸ್ತಕದಲ್ಲಿದೆ. ಬೀಡಿ ಬಿಡಿಸಲಿಕ್ಕೂ ಇದೇ ಗುಳಿಗೆ ಬಳಸುತ್ತಾರೆ. ನನ್ನ ಗುಟ್ಕಾ ಮಾತ್ರ ಹೋಗಲು ಇನ್ನೂ ಒಂದು ವರ್ಷ ಬೇಕಾಯಿತು!

ಪುಸ್ತಕ ಅಂದೆನಲ್ಲ, ಅದೊಂದು ಹಳೇ ಲಾಟ್ ಪುಸ್ತಕ. ದಿನಾ ಒಂದು ಸಾಲು. ತಾರೀಖು, ಗುಳಿಗೆ ಪವರ್, ಎಷ್ಟು ತಾಸು ನಿದ್ದೆ, ಮನಸ್ಸು ಹೇಗಿದೆ ಅಂತ ಸೊನ್ನೆಯಿಂದ ಮೂರು, ಕೊನೆಗೆ ಆ, ಗ, ಮು ಅಂತ ಮೂರು ಅಕ್ಷರಕ್ಕೆ ಒಂದೊಂದು ಅಂಕಿ. ಆಸೆ, ಗಟ್ಟಿ, ಮುಗಿದದ್ದು. ಮಕ್ಕಳು ನೋಡಿದರೂ ಬಟ್ಟೆ ಲೆಕ್ಕ ಅಂದುಕೊಳ್ಳುತ್ತಾರೆ. "ಹೇಗಿದ್ದೀರಿ" ಅಂತ ಕೇಳಿದರೆ ನಾವೆಲ್ಲಾ "ಪರವಾಗಿಲ್ಲ" ಅನ್ನುವ ಜನ. ಪುಸ್ತಕ ಹಾಗಲ್ಲ. ಪವರ್ 10 ಆದಮೇಲೆ ಮು ಸೊನ್ನೆಯಿಂದ ಒಂದಕ್ಕೆ ಬಂದದ್ದು, ಬ್ಯುಪ್ರೋಪಿಯಾನ್ ಆದಮೇಲೆ ಎರಡಕ್ಕೆ ಬಂದದ್ದು ಅದರಲ್ಲಿ ಕಾಣುತ್ತದೆ. ಮೂರು ಇನ್ನೂ ಬಂದಿಲ್ಲ. ರಾತ್ರಿ ಬದಲು ಬೆಳಿಗ್ಗೆ ನುಂಗಿ ನೋಡಿದ ತಿಂಗಳೂ ಅದರಲ್ಲಿದೆ. ಏನೂ ಫರಕ್ ಬಿದ್ದಿಲ್ಲ.

ಗಟ್ಟಿಯಾಗುವುದೇ ತೊಂದರೆಯಾದರೆ ಸಿಲ್ಡೆನಾಫಿಲ್, ಟಡಾಲಾಫಿಲ್ ಕೊಡುತ್ತಾರೆ. ಮೊದಲಿನದು ಒಂದು ತಾಸು ಮುಂಚೆ ನುಂಗುವಂಥದ್ದು. ಮಿರ್ಚಿ, ಬಿರಿಯಾನಿ ಹೊಡೆದು ನುಂಗಿದರೆ ತಡವಾಗಿ ಹತ್ತುತ್ತದೆ. ಎರಡನೆಯದರ ಗುಣ ಒಂದೂವರೆ ದಿನದವರೆಗೂ ಇರಬಹುದು. ಆಸೆ ಇಲ್ಲದವನಿಗೆ ಇವು ಆಸೆ ಹುಟ್ಟಿಸುವುದಿಲ್ಲ, ಅದು ತಿಳಿದಿರಲಿ. ಮೆಡಿಕಲ್ ಶಾಪ್‌ನಲ್ಲಿ ಕಿವಿಯಲ್ಲಿ ಕೇಳಿ ತರುವವರು ನಮ್ಮಲ್ಲಿ ಬಹಳ. ಹಾಗೆ ತರಬೇಡಿ. ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಗುಳಿಗೆ, ಅಂದರೆ ನೈಟ್ರೇಟ್ ತಗೊಳ್ಳುವವರು ಇದನ್ನು ನುಂಗಿದರೆ ಬಿಪಿ ಪಾತಾಳಕ್ಕೆ ಇಳಿದು ಜೀವ ಹೋಗಬಹುದು. ಪ್ರಾಸ್ಟೇಟ್ ಗುಳಿಗೆ ತಿನ್ನುವವರೂ ಮೊದಲು ಹೇಳಬೇಕು. ಸಿಲ್ಡೆನಾಫಿಲ್, ಟಡಾಲಾಫಿಲ್‌ನಿಂದಾಗಲಿ, ನಿದ್ದೆಗೆ ಕೊಡುವ ಟ್ರಾಜೊಡೋನ್‌ನಿಂದಾಗಲಿ ನಾಲ್ಕು ತಾಸು ಕಳೆದರೂ ಇಳಿಯದೆ ನಿಂತರೆ ನಾಚಿಕೆ ಬಿಟ್ಟು ತುರ್ತು ಚಿಕಿತ್ಸೆಗೆ ಓಡಿ.

ಗೋಡೆ ಬರಹದ ಡಾಕ್ಟರು

ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ನೋಡಿರುತ್ತೀರಿ. ಗುಪ್ತರೋಗ, ಧಾತು, ಗ್ಯಾರಂಟಿ, ತಿಂಗಳಿಗೊಮ್ಮೆ ಇಂಥ ಲಾಡ್ಜ್, ಇಂಥ ರೂಮು. ನಾನೂ ಹೋಗಿದ್ದೆ, ಗುಳಿಗೆ ಬಿಟ್ಟಿದ್ದ ದಿನಗಳಲ್ಲಿ. ನಾಡಿ ಹಿಡಿದು, ಚಿಕ್ಕಂದಿನಲ್ಲಿ ಕೈಯಾರೆ ಮಾಡಿಕೊಂಡ ತಪ್ಪು ಅಂದ. 3,500 ರೂಪಾಯಿಗೆ ಕಂದು ಪುಡಿ ಕಟ್ಟಿಕೊಟ್ಟ. ತಗೊಂಡ ರಾತ್ರಿ ಮುಖ ಕೆಂಪಾಗಿ ತಲೆ ಸಿಡಿಯಿತು. ಡಾಕ್ಟರಮ್ಮನಿಗೆ ತೋರಿಸಿದಾಗ ಇದರಲ್ಲಿ ಏನಿದೆಯೋ ಹೇಳಲಾಗದು, ಎಸೆಯಿರಿ ಅಂದರು. ಗಿಡಮೂಲಿಕೆ ಅಂತ ಮಾರುವ ಇಂಥ ಸರಕಿನಲ್ಲಿ ಸಿಲ್ಡೆನಾಫಿಲ್ ಕದ್ದು ಬೆರೆಸಿರುವುದನ್ನು ಅಮೆರಿಕದ ಔಷಧಿ ಇಲಾಖೆಯವರು ಎಷ್ಟೋ ಸಲ ಹಿಡಿದಿದ್ದಾರೆ. ಪುಡಿಯಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲದೆ ಎದೆನೋವಿನವನೊಬ್ಬ ತಿಂದರೆ?

ಹೆಂಗಸರ ವಿಷಯ ಯಾರೂ ಕೇಳುವುದಿಲ್ಲ

ಸಿರುಗುಪ್ಪದಲ್ಲಿರುವ ನನ್ನ ತಂಗಿಗೆ ಬಾಣಂತನದ ನಂತರ ಸರ್ಟ್ರಾಲಿನ್ ಕೊಟ್ಟಿದ್ದರು. ಅವಳು ನನಗೆ ಹೇಳುತ್ತಾಳಾ? ನನ್ನ ಹೆಂಡತಿಗೆ ಹೇಳಿದಳು, ಅವಳು ನನಗೆ ಹೇಳಿದಳು. ಆಸೆ ಇಲ್ಲ, ಸೇರಿದರೆ ಉರಿ, ಸುಖ ಅನ್ನುವುದು ಮುಟ್ಟುವುದೇ ಇಲ್ಲ. ಗಂಡ ಕೇಳಿದ, ಇವಳು ಕಣ್ಣು ಮುಚ್ಚಿ ಸಹಿಸಿಕೊಂಡಳು. ಡಾಕ್ಟರಿಗೆ ಹೇಳಬೇಕಾದ ಸಂಗತಿ ಅಂತಲೇ ಅವಳಿಗೆ ಅನಿಸಿರಲಿಲ್ಲ.

ಹಾಲೂಡಿಸುವ ಹೆಂಗಸರಿಗೆ ಗುಳಿಗೆ ಇಲ್ಲದೆಯೂ ಒಣಗುತ್ತದೆ, ಇದು ಅದರ ಮೇಲೆ ಇನ್ನೊಂದು. ನೀರಿನ ಜೆಲ್ ಮೆಡಿಕಲ್‌ನಲ್ಲಿ ಸಿಗುತ್ತದೆ, ಉರಿಗೆ ಅದೇ ಒಳ್ಳೆಯದು. ಕೊಬ್ಬರಿ ಎಣ್ಣೆ ಹಚ್ಚಿದರೆ ಕಾಂಡೋಮ್ ಹರಿಯುತ್ತದೆ, ನೆನಪಿರಲಿ. ಈ ಗುಳಿಗೆ ತಿನ್ನುವ ಹೆಂಗಸರು ಸೇರುವ ಸ್ವಲ್ಪ ಮುಂಚೆ ಮೈ ಬಿಸಿಯಾಗುವ ಹಾಗೆ ವ್ಯಾಯಾಮ ಮಾಡಿದರೆ ಉದ್ರೇಕ ಚೆನ್ನಾಗಿ ಬರುತ್ತದೆ ಅಂತ ಪರೀಕ್ಷೆ ಮಾಡಿ ನೋಡಿದ್ದಾರೆ. ಕೂಸು ಕಟ್ಟಿಕೊಂಡವಳಿಗೆ ವ್ಯಾಯಾಮ ಎಲ್ಲಿಂದ ಬರಬೇಕು ಅಂತ ನನ್ನ ಹೆಂಡತಿ ನಕ್ಕಳು. ಗಂಡನಿಗೆ ಕೂಸು ಹಿಡಿದುಕೊಳ್ಳಲು ಹೇಳಿ ತಂಗಿ ಸಂಜೆ ಅರ್ಧ ತಾಸು ನಡೆಯುತ್ತಾಳೆ ಈಗ. ಡಾಕ್ಟರ್ ಪವರ್ ಸ್ವಲ್ಪ ಇಳಿಸಿದ್ದಾರೆ. ಮತ್ತೆ ಮಗು ಬೇಕು ಅಂತ ಯೋಚನೆ ಇರುವವರು ಬಸಿರಾಗುವ ಮುಂಚೆಯೇ ಡಾಕ್ಟರಿಗೆ ಹೇಳಿ. ಬಸಿರಾದೆ ಅಂತ ಹೆದರಿ ಒಮ್ಮೆಲೇ ಬಿಡುವುದು ತಾಯಿಗೂ ಒಳ್ಳೆಯದಲ್ಲ, ಕೂಸಿಗೂ ಅಲ್ಲ.

ಬಿಡುವ ದಿನ ಬಂದಾಗ

ಗುಳಿಗೆ ನಿಲ್ಲಿಸಿದರೆ ಬಹುತೇಕರಿಗೆ ಎಲ್ಲಾ ಮೊದಲಿನ ಹಾಗೆ ಆಗುತ್ತದೆ. ಕೆಲವೇ ಕೆಲವರಿಗೆ ಬಿಟ್ಟ ಮೇಲೂ ಜೋಮು, ಆಸೆಯಿಲ್ಲದಿರುವುದು ಉಳಿದುಬಿಡುತ್ತದೆ. 2019ರಲ್ಲಿ ಯುರೋಪಿನ ಔಷಧಿ ಸಂಸ್ಥೆ ಈ ಎಚ್ಚರಿಕೆಯನ್ನು ಗುಳಿಗೆಯ ಮಾಹಿತಿ ಪತ್ರದಲ್ಲಿ ಸೇರಿಸಿ ಅಂದಿತು. ಇದನ್ನು ಹೇಳಿದರೆ ಜನ ಹೆದರಿ ಗುಳಿಗೆಯನ್ನೇ ಮುಟ್ಟುವುದಿಲ್ಲ ಅಂತ ಒಬ್ಬ ಗೆಳೆಯ ಬೈದ. ನಾನು ಒಪ್ಪಲಿಲ್ಲ. ಬಟ್ಟೆ ಮೊದಲ ಒಗೆತಕ್ಕೆ ಕುಗ್ಗುತ್ತೆ ಅಂತ ಮೊದಲೇ ಹೇಳಿ ಮಾರುವವನನ್ನೇ ಅಲ್ವಾ ಗಿರಾಕಿ ನಂಬುವುದು?

ಮನಸ್ಸು ಪೂರ್ತಿ ಸರಿಯಾದ ಮೇಲೂ ಕನಿಷ್ಠ ಆರು ತಿಂಗಳಾದರೂ ಗುಳಿಗೆ ಮುಂದುವರಿಸಬೇಕು, ಮತ್ತೆ ಮತ್ತೆ ಬಂದವರು ಇನ್ನೂ ಜಾಸ್ತಿ. ಆಮೇಲೆ ವಾರಗಟ್ಟಲೆ ತಗೊಂಡು ಮೆಲ್ಲಗೆ ಇಳಿಸುವುದು. ಕೊನೆಯ ಸಣ್ಣ ಪವರ್‌ಗಳಲ್ಲಿ ಇನ್ನೂ ಮೆಲ್ಲಗೆ. ನನಗೆ ಎರಡು ಸಲ ಬಂದದ್ದರಿಂದ ಇನ್ನೂ ಆ ದಿನ ಬಂದಿಲ್ಲ. ಬೆಳಿಗ್ಗೆ ಬಳ್ಳಾರಿ ಗುಡ್ಡದ ಮೆಟ್ಟಿಲು ಹತ್ತುತ್ತೇನೆ, ಬಿಸಿಲು ಏರುವ ಮುಂಚೆ. ಎಸ್ಸಿಟಾಲೋಪ್ರಾಮ್ ಜನೌಷಧಿ ಅಂಗಡಿಯಲ್ಲಿ ಸೋವಿಗೆ ಸಿಗುತ್ತದೆ. ತೀರುವ ಐದು ದಿನ ಮುಂಚೆಯೇ ತಂದಿಡುತ್ತೇನೆ, ಹಬ್ಬಕ್ಕೆ ಅಂಗಡಿ ಮುಚ್ಚಿ ಎರಡು ದಿನ ತಪ್ಪಿದರೂ ತಲೆ ಝುಮ್ ಅನ್ನುತ್ತದಲ್ಲ.

ಬರುವ ಮಂಗಳವಾರ ಆಸ್ಪತ್ರೆಗೆ ಹೋಗಬೇಕು. ಲಾಟ್ ಚೀಟಿಯ ಹಿಂಬದಿಯಲ್ಲಿ ನನ್ನ ಸಾಲು ಬರೆದು ಟಿವಿ ಮೇಲೆ ಇಟ್ಟಿದ್ದೆ: "ಮು ಎರಡಕ್ಕೇ ನಿಂತಿದೆ, 5ಕ್ಕೆ ಇಳಿಸಬಹುದಾ?" ನಿನ್ನೆ ನೋಡಿದರೆ ಕೆಳಗೆ ಇನ್ನೊಂದು ಸಾಲು ಸೇರಿಕೊಂಡಿದೆ, ಹೆಂಡತಿಯ ಗುಂಡು ಅಕ್ಷರ: "ನನಗೂ ಉರಿ ಇರುತ್ತೆ. ಗುಳಿಗೆ ಏನೂ ತಿನ್ನಲ್ಲ. ನಾನು ಯಾವ ಡಾಕ್ಟರಿಗೆ ತೋರಿಸಬೇಕು?"